ಮಂಡಕ್ಕಿ ಡಬ್ಬದ ಹಾವಿನ ಮರಿ

ಹಾವುಗಳ ವಿಷಯದಲ್ಲಿ ನಾನು ಸಾಮಾನ್ಯ ಹೆಂಗಸಲ್ಲ. ಹೀಗೆಂದು ಕಳೆದ ಶೇಂಗಾ ಸುಗ್ಗಿಯವರೆಗೆ ನಾನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಕುದಾಪುರದ ಕಡೆಯ ಹಟ್ಟಿಯಲ್ಲಿ ಹುಟ್ಟಿ, ಅಪ್ಪನ ಕುರಿಗಳ ಹಿಂದೆ ಹುಲ್ಲುಗಾವಲೆಲ್ಲ ಅಲೆದು ಬೆಳೆದವಳು ನಾನು. ಈಗ ಅಲ್ಲಿ ಉದ್ದುದ್ದ ಕಾಂಪೌಂಡು ಎದ್ದು ವಿಜ್ಞಾನಿಗಳು ಓಡಾಡುತ್ತಾರೆ. ಆಗ ನಾನು, ಕುರಿಗಳು ಮತ್ತು ಹಾವುಗಳು ಓಡಾಡುತ್ತಿದ್ದೆವು. ಮದುವೆಯಾಗಿ ಚಳ್ಳಕೆರೆಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಬೀದಿಯ ಹೆಂಗಸರ ರವಿಕೆ ಹೊಲಿಯುತ್ತ, ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದರೂ ನನ್ನ ಈ ಹೆಗ್ಗಳಿಕೆ ಮಾತ್ರ ಮಾಸಿರಲಿಲ್ಲ. ಬೀದಿಯಲ್ಲಿ ಎಲ್ಲಿ ಹಾವಿನ ಮಾತು ಬಂದರೂ "ಓಬಮ್ಮನ್ನ ಕೇಳ್ರಿ" ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅಪ್ಪ ನನಗೆ ಕಲಿಸಿದ ಹಾವಿನ ವಿದ್ಯೆ ಎರಡೇ ಮಾತಿನದು. ಒಂದು "ಅಲ್ಲೈತೆ ನೋಡು", ಇನ್ನೊಂದು "ಓಡು".

ನಮ್ಮವರ ಕಥೆ ಬೇರೆ. ಅವರು ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಶೇಂಗಾ ಮೂಟೆಯನ್ನು ಹೂವಿನ ಹಾಗೆ ಎತ್ತಿ ಬೆನ್ನಿಗೆ ಹಾಕಿಕೊಳ್ಳುವ ಮನುಷ್ಯ, ಗೋಡೆಯ ಮೇಲೆ ಹಲ್ಲಿ ಕಂಡರೆ ಊಟದ ತಟ್ಟೆ ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಾರೆ. ಈ ಕಾರಣಕ್ಕೆ ನಮ್ಮ ಮನೆಯಲ್ಲಿ ಹರಿದಾಡುವ ಪ್ರಾಣಿಗಳ ಖಾತೆ ಮದುವೆಯಾದಾಗಿನಿಂದ ನನ್ನ ಕೈಯಲ್ಲೇ ಇದೆ.

ಆ ಭಾನುವಾರ ಅವರು ಸಿದ್ದಾಪುರದ ಕಡೆಯ ಪರಿಚಯದ ರೈತರ ಹೊಲದಿಂದ ಒಂದು ಹೊರೆ ಹಸಿ ಶೇಂಗಾ ಗಿಡ ತಂದು ಅಂಗಳದಲ್ಲಿ ಒಗೆದರು. ಕುಂತು ಕಾಯಿ ಬಿಡಿಸೋಣ, ಉಪ್ಪು ಹಾಕಿ ಬೇಯಿಸೋಣ ಎಂಬುದು ನಮ್ಮ ಕಾರ್ಯಕ್ರಮ. ಹೊರೆ ಬಿಚ್ಚಿ ಗಿಡ ಕೊಡವಿದೆ. ಕಾಯಿಯ ಜೊತೆ ಒಂದು ಹಾವಿನ ಮರಿಯೂ ಬಿತ್ತು.

ಒಂದೂವರೆ ಗೇಣು ಉದ್ದ ಇದ್ದೀತು. ಬೂದು ಬಣ್ಣ, ಮೈಮೇಲೆ ಮಾಸಲು ಬಿಳಿ ಪಟ್ಟೆ, ಮೈಗೆ ಹೊಂದದಷ್ಟು ದೊಡ್ಡ ಕಣ್ಣು. ಹೊರೆಯ ಹಗ್ಗದ ಬಿಗಿಗೆ ಸಿಕ್ಕಿ ಬಾಲದ ಹತ್ತಿರ ಸ್ವಲ್ಪ ತರಚಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ನಮ್ಮವರು ಇರಲಿಲ್ಲ. ಒಳಗಿನ ಮಂಚದ ಮೇಲಿಂದ ಅವರ ಧ್ವನಿ ಬಂತು.

"ಲೇ ಓಬೀ, ಅದೇನದು?"

"ಕೇರೆ ಮರಿ ಕಣ್ರಿ. ಕಚ್ಚಿದ್ರೂ ಏನೂ ಆಗಲ್ಲ. ಇಲಿ ಹಿಡ್ಕಂಡು ತಿನ್ಕಂಡಿರೋ ಬಡಪಾಯಿ."

"ಗ್ಯಾರಂಟಿನಾ?"

"ನಾನ್ ಯಾರು ಅನ್ಕಂಡಿದೀರಿ?"

ಎಷ್ಟು ಧೈರ್ಯದಿಂದ ಹೇಳಿದೆನೆಂದರೆ ನನಗೇ ನಂಬಿಕೆ ಬಂತು. ಹೊಲಿಗೆಯ ಮರದ ಸ್ಕೇಲಿನಿಂದ ಅದನ್ನು ಮೆಲ್ಲಗೆ ಎತ್ತಿ, ಅಡುಗೆಮನೆಯ ನೀಲಿ ಪ್ಲಾಸ್ಟಿಕ್ಕಿನ ಮಂಡಕ್ಕಿ ಡಬ್ಬ ಖಾಲಿ ಮಾಡಿ ಅದರೊಳಕ್ಕೆ ಬಿಟ್ಟೆ. ಬಿಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡೆ. ಮುಚ್ಚಳಕ್ಕೆ ದಬ್ಬಳದಿಂದ ತೂತು ಮಾಡಿದೆ. ಬೆಚ್ಚಗಿರಲಿ ಎಂದು ರವಿಕೆಯ ಚೂರು ಬಟ್ಟೆಗಳನ್ನು ಹಾಸಿದೆ. ತರಚಿದ ಜಾಗಕ್ಕೆ ಹಕ್ಕಿಪುಕ್ಕದಿಂದ ಅರಿಶಿನ ಸವರಿದೆ. ಸಂಜೆಯವರೆಗೆ ಸುಧಾರಿಸಿಕೊಳ್ಳಲಿ, ಆಮೇಲೆ ಹೊಲಕ್ಕೆ ಬಿಟ್ಟು ಬರೋಣ ಎಂದು ತೀರ್ಮಾನವಾಯಿತು. ತೀರ್ಮಾನಿಸಿದ್ದು ನಾನು. ನಮ್ಮವರು ಮಂಚದ ಮೇಲಿಂದ ಬಹುಮತಕ್ಕೆ ತಲೆಬಾಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ತಿಪ್ಪಕ್ಕ ಬಂದರು. ಹಿರಿಯರು. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೂ ಬಂದು ಏನು ಅಡುಗೆ ಎಂದು ವಿಚಾರಿಸುವವರು, ಹಾವು ಬಂದರೆ ಬಿಡುತ್ತಾರೆಯೇ? ಫೋಟೋ ನೋಡಿದವರೇ ಎರಡೂ ಕೈ ಮುಗಿದರು.

"ಕೇರೆಯೇನೇ ಇದು? ಕಣ್ಣು ನೋಡು, ಹೆಂಗೆ ಮಿಂಚ್ತಾವೆ. ನಾಗಪ್ಪ ಕಣೆ. ತಾನಾಗೇ ನಿಮ್ಮ ಮನಿಗೆ ಬಂದಾನೆ."

"ತಾನಾಗೇ ಎಲ್ಲಿ ಬಂದ ತಿಪ್ಪಕ್ಕ? ಇವರು ಹೊರೆ ಕಟ್ಟಿ ಹೊತ್ಕಂಡು ಬಂದವ್ರೆ."

"ಹೊತ್ಕಂಡು ಬರಂಗೆ ಮಾಡ್ದೋರು ಯಾರು?"

ತಿಪ್ಪಕ್ಕ ಹೋಗಿ ಒಂದು ಬಟ್ಟಲು ಹಾಲು ತಂದರು. ಹಾವು ಹಾಲು ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅದು ಕೇರೆ ಹಾವಿಗೆ ಅನ್ವಯಿಸುವ ಮಾತು, ನಾಗಪ್ಪನಾದರೆ ಹೇಗೋ ಎಂದು ಒಳಗೊಳಗೇ ಅಳುಕಿ, ಒಂದು ಮುಚ್ಚಳದಲ್ಲಿ ಹಾಲಿಟ್ಟೆ. ಮರಿ ಆ ಹಾಲನ್ನು ಕುಡಿಯಲಿಲ್ಲ. ಅದರ ಮೇಲೆ ಹಾದುಹೋಗಿ ಸ್ನಾನ ಮಾಡಿತು. ಆಮೇಲೆ ಸಾಲುಗಟ್ಟಿ ಬಂದ ಇರುವೆಗಳು ಹಾಲನ್ನು ಗೌರವದಿಂದ ಸ್ವೀಕರಿಸಿದವು.

ಈಗ ಒಂದು ನಿಜವಾದ ಸಮಸ್ಯೆ ಎದುರಾಯಿತು. ಕೇರೆಯಾದರೆ ಎಲ್ಲಿ ಬಿಟ್ಟರೂ ನಡೆಯುತ್ತದೆ. ನಾಗರವಾದರೆ ಹಾಗೆ ಯಾರದೋ ಹೊಲದ ಬದಿಯಲ್ಲಿ ಬಿಟ್ಟು ಬರಲು ಸಾಧ್ಯವೇ? ನಾಳೆ ಅಲ್ಲಿ ಕಳೆ ತೆಗೆಯುವ ಹೆಂಗಸರು ಬರಿಗಾಲಲ್ಲಿ ಓಡಾಡುತ್ತಾರೆ. ಹಾಗಾಗಿ ಇದು ಏನು ಎಂದು ತಿಳಿಯಲೇಬೇಕಿತ್ತು. ಫೋಟೋವನ್ನು ಮಗಳಿಗೆ ಕಳಿಸಿದೆ.

ಇಲ್ಲಿ ಸ್ವಲ್ಪ ಬೀಗರ ಪರಿಚಯ ಮಾಡಿಕೊಡಬೇಕು. ನಮ್ಮ ಮಗಳು ಭಾಗ್ಯಳನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದೇವೆ. ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುವ ಜನ. ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ನಾಗರತ್ನಮ್ಮನವರು. ಬಹಳ ಒಳ್ಳೆಯವರು, ಸೀರೆಯ ವಿಷಯ ಒಂದನ್ನು ಬಿಟ್ಟು. ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಸಂತೋಷ, ಸಿಟ್ಟು, ಗಾಬರಿ ಯಾವುದು ಬಂದರೂ ತೆಲುಗಿನಲ್ಲೇ ಬರುತ್ತದೆ. ನನ್ನ ತೆಲುಗು "ಬಾಗುನ್ನಾರಾ", ಅಂದರೆ ಚೆನ್ನಾಗಿದ್ದೀರಾ, ಎಂದು ಕೇಳುವವರೆಗೆ ಮಾತ್ರ. ಅದಕ್ಕೆ ಅವರು ಕೊಡುವ ಉತ್ತರ ನನಗೆ ತಿಳಿಯುವುದಿಲ್ಲ. ನಮ್ಮವರ ತೆಲುಗು ಮಿಲ್ಲಿಗೆ ಬರುವ ಲಾರಿಯವರಿಂದ ಕಲಿತದ್ದು, ಅದನ್ನು ಬೀಗರ ಮುಂದೆ ಆಡುವಂತಿಲ್ಲ.

ಈ ನಾಗರತ್ನಮ್ಮನವರ ಒಂದು ಸೀರೆ ಆಗ ನಮ್ಮ ಮನೆಯಲ್ಲಿತ್ತು. ಅವರ ಮದುವೆಗೆ ಅವರ ಯಜಮಾನರೇ ಕೈಯಾರೆ ನೇಯ್ದ ಸೀರೆ. ಹಳೆ ಕಾಲದ ಜರಿ, ಈಗ ಬೇಕೆಂದರೂ ಅಂಥದ್ದು ಸಿಗುವುದಿಲ್ಲವಂತೆ. "ನಿಮ್ಮ ಕೈ ಚೆನ್ನಾಗೈತೆ, ಹೊಸಾ ಫಾಲ್ ಹಚ್ಚಿ ಕೊಡ್ರಿ ವದಿನಾ" ಎಂದು, ತೆಲುಗಿನಲ್ಲಿ ಅತ್ತಿಗೆ ಅಂತ ಕರೆದು, ನನ್ನ ಮೇಲೆ ಭರವಸೆಯಿಟ್ಟು ಕೊಟ್ಟಿದ್ದರು. ನಾನು ಫಾಲ್ ಬಟ್ಟೆಯನ್ನು ಸೀರೆಯ ಅಂಚಿಗೆ ಗುಂಡುಸೂಜಿಯಿಂದ ಉದ್ದಕ್ಕೂ ಚುಚ್ಚಿಟ್ಟು, ಹೊಲಿಯುವುದೊಂದು ಬಾಕಿ ಎಂದು ಮಿಷನ್ನಿನ ಮೇಲೆ ಮಡಚಿ ಇಟ್ಟಿದ್ದೆ.

ಸ್ವಲ್ಪ ಹೊತ್ತಿಗೆ ಮಗಳ ಫೋನಿನಿಂದ ವಿಡಿಯೋ ಕಾಲ್ ಬಂತು. ತೆರೆದರೆ ಮಗಳಲ್ಲ, ಪರದೆಯ ತುಂಬ ಬೀಗಿತ್ತಿ. ಹಿಂದೆ ಮಗ್ಗದ ಸದ್ದು. ನಮ್ಮವರೂ ತಿಪ್ಪಕ್ಕನೂ ನನ್ನ ಎರಡೂ ಭುಜದ ಮೇಲಿಂದ ಬಗ್ಗಿದರು. ನಮ್ಮ ಹಿಂದೆ ಮಿಷನ್, ಅದರ ಮೇಲೆ ಅವರ ಸೀರೆ, ಕೆಳಗೆ ಮಂಡಕ್ಕಿ ಡಬ್ಬ, ಎಲ್ಲವೂ ಅವರಿಗೆ ಕಾಣುತ್ತಿತ್ತು. ಚಿತ್ರ ನಿಂತು ನಿಂತು ಬರುತ್ತಿತ್ತು, ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಬೀಗಿತ್ತಿ ಕೈ ಮುಂದೆ ಮಾಡಿ, ಕಣ್ಣರಳಿಸಿ, ಏರು ಧ್ವನಿಯಲ್ಲಿ ಏನೋ ಹೇಳಿದರು.

"ವದಿನಾ... ಅದಿ... ಜೆರ್ರಿಪೋತು... ಜೆರ್ರಿಪೋತು! ಏಂ ಕಾದು... ವಿಷಂ..."

ಅಲ್ಲಿಗೆ ಕಾಲ್ ಕಟ್ಟಾಯಿತು.

ಮೂವರೂ ಮುಖ ಮುಖ ನೋಡಿಕೊಂಡೆವು. ಈಗ ನಾನು ಆ ಮಾತನ್ನು ಸರಿಯಾಗಿ ಬರೆದಿದ್ದೇನೆ. ಆವತ್ತು ನಮ್ಮ ಕಿವಿಗೆ ಅದು ಹಾಗೆ ಬೀಳಲಿಲ್ಲ.

"ಕೇಳಿದ್ಯಾ?" ನಮ್ಮವರು ಆಗಲೇ ಮಂಚದ ಕಡೆ ಹೆಜ್ಜೆ ಇಟ್ಟಿದ್ದರು. "ಜಾರಿ ಹೋತು ಅಂದ್ರು. ಹಾವು ಡಬ್ಬದಾಗಿಂದ ಜಾರಿ ಹೋಗೈತೆ. ಅವರಿಗೆ ವಿಡಿಯೋದಾಗೆ ಕಂಡೈತೆ."

"ಯಾವ ಜಾರಿ? ಜರಿ ಹೋತು ಅಂದ್ರು. ಸೀರೆ ಜರಿ. ನಾನೇನು ಕಿವುಡಿನಾ?"

"ಹಾವಿನ ಸುದ್ದಿ ಮಾತಾಡ್ವಾಗ ಸೀರೆ ಯಾಕೆ ಬತ್ತೈತೆ?"

"ಬೀಗಿತ್ತಿ ಕಣ್ಣಿಗೆ ಮೊದ್ಲು ಬೀಳೋದೇ ಸೀರೆ. ನಾನು ಪಿನ್ನು ಚುಚ್ಚಿದ್ದು ಕಂಡಿರಬೇಕು. ಮದುವಿ ಸೀರೆ ಜರಿ ಹಾಳ್ಮಾಡಿದಿ ಅಂತ ಬೈದ್ರು."

"ಇಬ್ರೂ ಸುಮ್ನಿರ್ರಿ," ಎಂದರು ತಿಪ್ಪಕ್ಕ. "ನಂಗೆ 'ಏನ್ ಕಾದೈತೋ' ಅಂದಂಗೆ ಕೇಳ್ತು. ನಿಮಗೇನ್ ಕಾದೈತೋ ಅಂದ್ಳು ಆ ತಾಯಿ."

ಹೀಗೆ ಎಲ್ಲರಿಗೂ ತಮ್ಮ ತಮ್ಮ ಭಯ ಕೇಳಿಸಿತ್ತು. ಆದರೆ ಕೊನೆಯ ಮಾತಿನ ಬಗ್ಗೆ ಮಾತ್ರ ಸಭೆಯಲ್ಲಿ ಒಮ್ಮತವಿತ್ತು. "ವಿಷಂ" ಎಂದದ್ದು ಮೂವರಿಗೂ ಸ್ಪಷ್ಟವಾಗಿ ಕೇಳಿಸಿತ್ತು. ವಿಷಕ್ಕೆ ಯಾವ ಭಾಷೆಯಾದರೇನು?

ಮತ್ತೆ ಫೋನ್ ಹಚ್ಚಿದೆವು. ಸಂಪರ್ಕ ವ್ಯಾಪ್ತಿಯ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಅಚ್ಚ ಕನ್ನಡದಲ್ಲಿ ಹೇಳಿದಳು. ಆವತ್ತು ಫೋನಿನಲ್ಲಿ ನಮಗೆ ಸರಿಯಾಗಿ ಅರ್ಥವಾದದ್ದು ಅವಳ ಮಾತು ಒಂದೇ.

ಈಗ ಹಾವು ಡಬ್ಬದಲ್ಲಿದೆಯೇ ಇಲ್ಲವೇ ಎಂಬುದು ಪ್ರಶ್ನೆಯಾಯಿತು. ನಮ್ಮವರು ಪುನಃ ಮಂಚ ಏರಿದ್ದರು. ತಿಪ್ಪಕ್ಕ ಹೊಸಿಲಿನ ಆಚೆ ನಿಂತು ಒಳಗೆ ಇಣುಕುತ್ತಿದ್ದರು. ಡಬ್ಬ ನೀಲಿ ಬಣ್ಣದ್ದು, ಹೊರಗಿನಿಂದ ಏನೂ ಕಾಣುವುದಿಲ್ಲ. ಬೆರಳಿಂದ ತಟ್ಟಿದೆ. ಉತ್ತರ ಬರಲಿಲ್ಲ. ಕಿವಿ ಹಚ್ಚಿದೆ. ಇರುವೆ ಕಚ್ಚಿತು.

"ತೆಗೆದು ನೋಡು," ಎಂದರು ನಮ್ಮವರು.

"ತೆಗೆದ್ರೆ ಹೊರಗೆ ಬರಾದಿಲ್ವಾ?"

"ಅದು ಆಗ್ಲೇ ಹೋಗೈತಲ್ಲ, ಇನ್ನೇನು ಬತ್ತೈತೆ?"

ಈ ವಾದದಲ್ಲಿ ಎಲ್ಲೋ ತಪ್ಪಿದೆ ಅನ್ನಿಸಿತು, ಆದರೆ ಎಲ್ಲಿ ಎಂದು ಹೊಳೆಯಲಿಲ್ಲ. ಮುಚ್ಚಳ ಸರಿಸಿ ಒಳಗೆ ನೋಡಿದೆ. ಹಾಲು, ಇರುವೆ, ಬಟ್ಟೆ ಚೂರು. ಹಾವಿಲ್ಲ. ಸ್ಕೇಲಿನಿಂದ ಬಟ್ಟೆ ಚೂರುಗಳನ್ನು ಎತ್ತಿದೆ. ನಾನೇ ಬೆಚ್ಚಗೆ ಹಾಸಿದ್ದ ಬಟ್ಟೆಯ ಅಡಿಯಲ್ಲಿ ಸುಖವಾಗಿ ಸುತ್ತಿಕೊಂಡಿದ್ದ ಮರಿ ಗಾಬರಿಯಾಗಿ ಸ್ಕೇಲು ಹತ್ತಿ, ನನ್ನ ಕೈ ದಾಟಿ, ನೆಲಕ್ಕೆ ಧುಮುಕಿತು. ಅಲ್ಲಿಯವರೆಗೂ ಅದು ಎಲ್ಲಿಗೂ ಜಾರಿ ಹೋಗಿರಲಿಲ್ಲ. ಈಗ ಹೋಯಿತು.

"ಜಾರಿ ಹೋತು!" ನಮ್ಮವರು ಮಂಚದ ಮೇಲಿಂದ ಕೂಗಿದರು. "ನಾನ್ ಹೇಳ್ಲಿಲ್ವಾ?"

ಮರಿ ನೇರ ಹೊಲಿಗೆ ಮಿಷನ್ನಿನ ಕೆಳಗೆ ನುಗ್ಗಿತು. ನನಗೆ ಹೊಳೆದದ್ದು ಒಂದೇ: ಮೇಲೊಂದು ಬಟ್ಟೆ ಎಸೆದರೆ ಹಾವು ಕತ್ತಲಾಯಿತೆಂದು ನಿಲ್ಲುತ್ತದೆ. ಕೈಗೆ ಸಿಕ್ಕ ಬಟ್ಟೆ ಸೆಳೆದು ಎಸೆದೆ. ಮನೆಯ ತುಂಬ ಬಟ್ಟೆ ಇತ್ತು. ಹರಕು ಪಂಚೆಯಿತ್ತು, ಒರೆಸುವ ಅರಿವೆಯಿತ್ತು, ತಿಪ್ಪಕ್ಕನ ತೋಳಿಲ್ಲದ ರವಿಕೆಯಿತ್ತು. ನನ್ನ ಕೈಗೆ ಸಿಕ್ಕಿದ್ದು ಬೀಗಿತ್ತಿಯ ಮದುವೆ ಸೀರೆ.

ಹಾವು ನಿಜವಾಗಿಯೂ ನಿಂತಿತು. ಸೀರೆ ಸಮೇತ ಅದನ್ನು ಬಾಚಿ ಎಳೆದೆ. ಸೆರಗಿನ ಕಡೆಯ ಅಂಚು ಮಿಷನ್ ತುಳಿಯುವ ಕಂಬಿಗೆ ಸಿಕ್ಕಿಕೊಂಡಿತ್ತು. ಅದು ಬಿಡಲಿಲ್ಲ, ನಾನೂ ಬಿಡಲಿಲ್ಲ. ಪರ್ ಎಂದು ಸದ್ದಾಯಿತು. ಅದೇ ಕ್ಷಣಕ್ಕೆ ನನ್ನ ತೋರುಬೆರಳಿಗೆ ಚುಳ್ಳೆಂದಿತು.

ಸೀರೆ, ಹಾವು ಎರಡನ್ನೂ ಒಟ್ಟಿಗೆ ಡಬ್ಬಕ್ಕೆ ತುರುಕಿ ಮುಚ್ಚಳ ಒತ್ತಿ ಕೂತುಬಿಟ್ಟೆ. ಬೆರಳ ತುದಿಯಲ್ಲಿ ರಕ್ತ ಒಂದು ಹನಿ ಮೂಡಿತು.

"ರೀ," ಅಂದೆ. "ಕಚ್ತು."

ನಮ್ಮವರು ಮಂಚದಿಂದ ಇಳಿದರು. ಇಳಿದದ್ದಲ್ಲ, ಬಿದ್ದು ಬಂದರು. ಹಲ್ಲಿಗೆ ಹೆದರುವ ಆ ಮನುಷ್ಯ ಡಬ್ಬವನ್ನು ನನ್ನ ಕೈಯಿಂದ ಕಿತ್ತು ತಮ್ಮ ಕಂಕುಳಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ತಿಪ್ಪಕ್ಕ ಹಗ್ಗ ಕಟ್ಟು, ದಾರ ಕಟ್ಟು ಎಂದು ನನ್ನದೇ ದಾರದ ಉಂಡೆಗೆ ಕೈ ಹಾಕಿದರೆ, "ಏನೂ ಕಟ್ಟಬ್ಯಾಡ್ರಿ, ಆಸ್ಪತ್ರಿಗೆ ಹೋಗಾನ" ಎಂದು ಗದರಿದರು. ಎಡಗಾಲಿಗೆ ಬಲಗಾಲಿನ ಚಪ್ಪಲಿ ಹಾಕಿಕೊಂಡಿದ್ದರು. ಅದನ್ನು ನೋಡಿ ನನಗೆ ಮೊದಲ ಸಲ ನಿಜವಾಗಿ ಹೆದರಿಕೆಯಾಯಿತು. ನಾನು ಸತ್ತರೆ ಈ ಮನುಷ್ಯ ಚಪ್ಪಲಿಯನ್ನೂ ಸರಿಯಾಗಿ ಹಾಕಿಕೊಳ್ಳಲಾರ.

ಆಟೋದಲ್ಲಿ ಕೂರುವಷ್ಟರಲ್ಲಿ ವಿಷ ಏರತೊಡಗಿತು. ನಾಲಿಗೆ ದಪ್ಪವಾಯಿತು. ಕಣ್ಣು ಮಂಜಾಯಿತು. ಎಡಗಾಲು ಜೋಮು ಹಿಡಿಯಿತು, ಕಚ್ಚಿದ್ದು ಬಲಗೈಗೆ. ಕೇರೆ ಮರಿ ಎಂದು ನಾನೇ ಹೇಳಿದ್ದು ನೆನಪಾಗಲೇ ಇಲ್ಲ. ನೆನಪಾಗಿದ್ದರೂ ನಂಬುತ್ತಿರಲಿಲ್ಲ, ಹೇಳಿದವಳು ಎಂಥವಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮವರು ಡಬ್ಬವನ್ನು ತೊಡೆಯ ಮೇಲೆ ಅವಚಿ ಹಿಡಿದು, "ಏನೂ ಆಗಲ್ಲ, ಸುಮ್ನಿರು" ಎಂದು ಹೇಳುತ್ತಲೇ ಇದ್ದರು.

ಇನ್ನು ತಡಮಾಡಬಾರದೆಂದು ನಾನು ನನ್ನ ಅಂತಿಮ ಇಚ್ಛೆಗಳನ್ನು ತಿಳಿಸತೊಡಗಿದೆ.

"ತಿಪ್ಪಕ್ಕನ ರವಿಕಿಗೆ ತೋಳು ಹಚ್ಚಿಲ್ಲ. ಬಟ್ಟೆ ಹಂಗೇ ವಾಪಸ್ ಕೊಡ್ರಿ."

"ಆತು."

"ಹಿಟ್ಟು ಬೀಸಿಟ್ಟಿದೀನಿ. ಮೇಲಿನ ಡಬ್ಬದಾಗೈತೆ."

"ಆತು ಕಣೇ, ಮಾತಾಡಬ್ಯಾಡ."

"ಬೀಗಿತ್ತಿಗೆ ಸೀರೆ ಹರಿದಿದ್ದು ಹೇಳಬ್ಯಾಡ್ರಿ. ನಾನು ಸತ್ತಿದ್ದು ಮಾತ್ರ ಹೇಳ್ರಿ, ಸಾಕು."

ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹಾವು ಎಂದ ಕೂಡಲೇ ಓಡಿ ಬಂದು ನನ್ನನ್ನು ಮಲಗಿಸಿದರು. ನಾಡಿ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಏನೇನೋ ಕೇಳಿದರು. ಆಮೇಲೆ ಡಬ್ಬದ ಕಡೆ ತಿರುಗಿ, "ಅದ್ರಲ್ಲೇನಿದೆ?" ಎಂದರು.

"ಹಾವು ಮೇಡಂ," ಎಂದರು ನಮ್ಮವರು. "ನೀವು ನೋಡ್ಬೇಕಾಗುತ್ತೆ ಅಂತ ತಂದ್ವಿ."

"ಅಯ್ಯೋ, ಹಾವನ್ನ ಯಾಕ್ರಿ ತಂದ್ರಿ? ಒಂದು ಫೋಟೋ ಇದ್ದಿದ್ರೆ ಸಾಕಿತ್ತು."

ನಾನೂ ನಮ್ಮವರೂ ಅವರ ಜೇಬಿನ ಮೊಬೈಲಿನ ಕಡೆ ನೋಡಿದೆವು.

ಡಾಕ್ಟರಮ್ಮ ನನ್ನ ಬೆರಳು ತೊಳೆದು ದೀಪದ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು. ಅವರ ಹುಬ್ಬು ಗಂಟಿಕ್ಕಿತು.

"ಇದ್ರಲ್ಲಿ ಯಾವುದಮ್ಮ ಹಾವು ಕಚ್ಚಿದ್ದು?"

ನಾನು ತಲೆ ಎತ್ತಿ ನೋಡಿದೆ. ವರ್ಷಗಟ್ಟಲೆ ಸೂಜಿ ಹಿಡಿದ ಬೆರಳು. ಅದರ ಮೇಲೆ ಹಳೆಯದು, ಹೊಸದು, ನಿನ್ನೆಯದು, ಬೆಳಗ್ಗೆಯದು ಎಂದು ತೂತುಗಳೇ ತೂತುಗಳು. ನನ್ನ ಪ್ರಾಣ ತೆಗೆಯುತ್ತಿರುವ ತೂತು ಯಾವುದೆಂದು ನನಗೇ ಗುರುತು ಸಿಗಲಿಲ್ಲ. ಅಂದಾಜಿನ ಮೇಲೆ ಒಂದನ್ನು ತೋರಿಸಿದೆ.

"ಕಚ್ಚಿದ್ದು ಕಣ್ಣಾರೆ ನೋಡಿದ್ರಾ?"

"ಇಲ್ಲ ಮೇಡಂ. ಸೀರೆ ಒಳಗಿಂದ ಕಚ್ತು."

ಅವರು ಇನ್ನೇನೋ ಕೇಳುವುದರಲ್ಲಿದ್ದರು, ಅಷ್ಟರಲ್ಲಿ ಬಾಗಿಲ ಹತ್ತಿರದ ಬೆಂಚಿನಿಂದ ನಮ್ಮವರು ಚೀರಿಕೊಂಡು ಎದ್ದರು.

"ಅಯ್ಯೋ, ನಂಗೂ ಕಚ್ತು!"

ಸಿಸ್ಟರು ಓಡಿದರು, ಡಾಕ್ಟರಮ್ಮ ಓಡಿದರು, ಸಾಯುತ್ತಿದ್ದ ನಾನೂ ಮಂಚದಿಂದ ಇಳಿದು ಓಡಿದೆ. ಡಬ್ಬದ ಮುಚ್ಚಳ ಬಿಗಿಯಾಗಿ ಮುಚ್ಚಿಯೇ ಇತ್ತು. ಒಳಗೆ ಹಿಡಿಸದೆ ಸೀರೆಯ ಅಂಚು ಮಾತ್ರ ಒಂದು ಕಡೆ ಹೊರಗೆ ನೇತಾಡುತ್ತಿತ್ತು. ಡಾಕ್ಟರಮ್ಮ ಆ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರು. ಅಲ್ಲಿ ನಾನೇ ಚುಚ್ಚಿದ್ದ ಗುಂಡುಸೂಜಿ, ಎಳೆದಾಟದಲ್ಲಿ ಬಾಗಿ, ಮೊನೆ ಹೊರಗೆ ಚಾಚಿಕೊಂಡಿತ್ತು. ಮೊನೆಯ ಪಕ್ಕ ಬಟ್ಟೆಯ ಮೇಲೆ ಒಂದು ಚುಕ್ಕೆ ಒಣಗಿದ ರಕ್ತ, ಅದು ನನ್ನದು. ಅದರ ಪಕ್ಕ ಇನ್ನೊಂದು ಚುಕ್ಕೆ, ಹಸಿ. ಅದು ನಮ್ಮವರದು.

ಡಾಕ್ಟರಮ್ಮ ಆ ಸೂಜಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಕಚ್ಚಿದ್ದು ಇದು ಅನ್ಸುತ್ತಮ್ಮ. ಆದ್ರೂ ಸಂಜೆ ತನಕ ಇಲ್ಲೇ ಇರ್ರಿ, ನೋಡೋಣ. ನಿಮ್ಮ ಯಜಮಾನ್ರೂ ಇರ್ಲಿ."

ಅದೇ ಹೊತ್ತಿಗೆ ನಮ್ಮವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಈ ಸಲ ಮಗಳೇ.

"ಯಾಕಪ್ಪ ಫೋನ್ ಎತ್ತಲ್ಲ? ಅತ್ತೆ ಆವಾಗಿಂದ ಒದ್ದಾಡ್ತವ್ರೆ."

"ನಿಮ್ಮತ್ತೆಗೆ ಹೇಳವ್ವ, ಸೀರೆ ಜರಿ..." ಎನ್ನುವಷ್ಟರಲ್ಲಿ ನಾನು ಅವರ ಬಾಯಿ ಮುಚ್ಚಿ ಫೋನು ಕಸಿದುಕೊಂಡೆ.

"ಭಾಗ್ಯ, ನಿಮ್ಮತ್ತೆ ಬೆಳಗ್ಗೆ ಏನಂದ್ರು? ಜಾರಿ ಹೋತು ಅಂದ್ರಾ, ಜರಿ ಹೋತು ಅಂದ್ರಾ?"

ಆ ಕಡೆ ನನ್ನ ಮಗಳು ನಗಲು ಶುರು ಮಾಡಿದಳು.

"ಜೆರ್ರಿಪೋತು ಕಣವ್ವ, ಜೆರ್ರಿಪೋತು. ತೆಲುಗಿನಾಗೆ ಕೇರೆ ಹಾವಿಗೆ ಹಂಗಂತಾರೆ. ಏಂ ಕಾದು ಅಂದ್ರೆ ಏನೂ ಆಗಲ್ಲ ಅಂತ. ವಿಷಂ ಲೇದು, ವಿಷ ಇಲ್ಲ ಅಂದ್ರು. ಅಷ್ಟರಾಗೆ ಕಟ್ಟಾತಂತೆ."

ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಸಿದೆ. ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಕೂಡಲೇ ನಾಲಿಗೆ ತೆಳುವಾಯಿತು, ಕ್ಷಣಕ್ಕೆ ಮೊದಲಿದ್ದ ಮಂಜು ಕಣ್ಣೀರಿನ ಜೊತೆ ಇಳಿದುಹೋಯಿತು, ಎಡಗಾಲಿನ ಜೋಮೂ ಬಿಟ್ಟಿತು. ನನ್ನ ಆಯುಷ್ಯದಲ್ಲಿ ಹಾವಿನ ಬಗ್ಗೆ ನಾನು ಹೇಳಿದ ಮಾತು ನಿಜವಾದದ್ದು ಅದೊಂದೇ ಸಲ. ಆ ಒಂದು ಸಲವೇ ನಾನು ನನ್ನನ್ನು ನಂಬಲಿಲ್ಲ.

ಸಂಜೆಯವರೆಗೆ ಅಲ್ಲೇ ಕೂತೆವು. ನಮ್ಮವರು ಹೊರಗೆ ಹೋಗಿ ಟೀ, ಬನ್ನು ತಂದರು. ಆಮೇಲೆ ಚಪ್ಪಲಿ ಅದಲುಬದಲು ಮಾಡಿ ಹಾಕಿಕೊಳ್ಳುತ್ತ, ನೆಲ ನೋಡಿಕೊಂಡೇ ಹೇಳಿದರು.

"ನಿಂಗೇನಾದ್ರೂ ಆಗಿದ್ರೆ..."

"ಆಗಿದ್ರೆ?"

"ಅಷ್ಟು ಶೇಂಗಾ ಒಬ್ನೇ ಹೆಂಗೆ ಬಿಡಿಸ್ಲಿ?"

ಹಾಗೆಂದವರೇ ಟವಲಿನಿಂದ ಮುಖ ಒರೆಸಿಕೊಂಡರು. ಟವಲು ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ಇತ್ತು. ನಾನು ಅರ್ಧ ಬನ್ನು ಮುರಿದು ಅವರ ಕೈಗೆ ಕೊಟ್ಟೆ.

ಡಾಕ್ಟರಮ್ಮ ಬಿಟ್ಟು ಕಳಿಸುವಾಗ, ಹಾವನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಅದು ಕಾನೂನಿಗೂ ವಿರುದ್ಧ, ಹಾವಿಗೂ ಒಳ್ಳೆಯದಲ್ಲ ಎಂದು ಬುದ್ಧಿ ಹೇಳಿದರು. ಹಾಲಿಟ್ಟ ಸಂಗತಿಯನ್ನು ನಾವು ಹೇಳಲಿಲ್ಲ. ಊರ ಹೊರಗಿನ ಶೇಂಗಾ ಹೊಲದ ಬದುವಿಗೆ ಹೋಗಿ ಡಬ್ಬವನ್ನು ಅಡ್ಡ ಮಲಗಿಸಿ ಮುಚ್ಚಳ ತೆಗೆದೆವು. ಸೀರೆ ಹೊರಬಂತು, ಬಟ್ಟೆ ಚೂರು ಬಂತು, ಇರುವೆಗಳು ಬಂದವು. ಎಲ್ಲರಿಗಿಂತ ಕೊನೆಗೆ ಮರಿ ಹೊರಬಂತು. ದೊಡ್ಡ ಕಣ್ಣಿಂದ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮೈಮೇಲಿನ ಅರಿಶಿನ ಸಮೇತ ಬದುವಿನ ಹುಲ್ಲಿಗೆ ನುಗ್ಗಿತು. ನಮ್ಮವರು ನನ್ನ ಹಿಂದೆ ನಿಂತು ಕೈ ಮುಗಿದರು. ಇಡೀ ದಿನ ಯಾರಿಗೂ ಏನೂ ಮಾಡದೆ ಹೋದದ್ದು ಅದೊಂದೇ ಪ್ರಾಣಿ.

ಉಳಿದದ್ದು ಸೀರೆ. ಮನೆಗೆ ತಂದು ಹರಡಿ ನೋಡಿದೆ. ಹೆದರಿದ ಹಾವಿನ ಮರಿ ತನ್ನ ಹೆದರಿಕೆಯನ್ನು ವಾಸನೆಯ ರೂಪದಲ್ಲಿ ಅದರ ಮೇಲೆ ಬಿಟ್ಟುಹೋಗಿತ್ತು. ಅದು ಗಾಳಿಗೆ ಹಾಕಿದರೆ ಹೋದೀತು. ಆದರೆ ಸೆರಗಿನ ಅಂಚಿನಲ್ಲಿ ಒಂದು ಗೇಣಿನಷ್ಟು ಜರಿ ಎಳೆ ಎಳೆಯಾಗಿ ಎದ್ದು ಬಂದಿತ್ತು. ಅದನ್ನು ಕೂರಿಸುವುದು ನನ್ನ ಸೂಜಿಯ ಕೆಲಸವಲ್ಲ, ಮಗ್ಗದವರ ಕೈಯೇ ಬೇಕು. ನಾಗರತ್ನಮ್ಮನವರ ಯಜಮಾನರು ನೇಯ್ದದ್ದು, ಅವರೇ ಸರಿಮಾಡಿಯಾರು. ಆದರೆ ಅದಕ್ಕೆ ಮೊದಲು ಬೀಗಿತ್ತಿಗೆ ಬಾಯಿಬಿಟ್ಟು ಹೇಳಬೇಕಲ್ಲ.

ಹೇಳಲೇಬೇಕು ಎಂದು ನಮ್ಮವರು ಬೆನ್ನು ಹತ್ತಿದರು. ಹಾವಿಗೆ ಹೆದರದವಳು ಬೀಗಿತ್ತಿಗೆ ಹೆದರುವುದೇ ಎಂದು ಚುಚ್ಚಿದರು. ಕೊನೆಗೊಂದು ದಿನ ಕೈಕಾಲು ತೊಳೆದುಕೊಂಡು, ದೇವರಿಗೆ ಕೈ ಮುಗಿದು, ಫೋನು ಹಚ್ಚಿದೆ. ಎತ್ತಿದ್ದು ಬೀಗಿತ್ತಿಯೇ. ಹಿಂದೆ ಮಗ್ಗದ ಸದ್ದು ಜೋರಾಗಿತ್ತು. ಸುತ್ತಿ ಬಳಸಿ ಹೇಳಿದರೆ ಧೈರ್ಯ ಕರಗುತ್ತದೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಕ್ಕಾರೆ, ಜರಿ ಹೋತು."

"ಆಂ?"

"ಜರಿ ಹೋತು ಅಕ್ಕಾರೆ, ಜರಿ ಹೋತು!"

ಬೀಗಿತ್ತಿ ಗೊಳ್ಳೆಂದು ನಕ್ಕರು. "ಅವುನು ವದಿನಾ, ಜೆರ್ರಿಪೋತೇ! ನಾನ್ ಅವತ್ತೇ ಹೇಳಿದ್ನಲ್ಲ? ಈಗಾದ್ರೂ ನಂಬಿದ್ರಾ? ವಿಷಂ ಲೇದು, ಏಂ ಕಾದು. ನೀವ್ ಸುಮ್ನೆ ಭಯಪಟ್ರಿ."

ಹಾಗೆಂದು ನಗುತ್ತಲೇ ಫೋನು ಇಟ್ಟರು. ನಮ್ಮವರು ಮಂಚದ ಮೇಲಿಂದ ಕತ್ತು ಚಾಚಿದರು.

"ಹೇಳಿದ್ಯಾ?"

"ಹೇಳ್ದೆ. ಎರಡು ಸಲ ಹೇಳ್ದೆ."

"ಏನಂದ್ರು?"

ನಾನು ಸೀರೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ.

"ವಿಷ ಇಲ್ಲಂತೆ. ಏನೂ ಆಗಲ್ಲಂತೆ."